ಜೀನ್ ಬದಲಾದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ

ನಾಡ್ಯುಲರ್ ಫ್ಯಾಸೈಟಿಸ್ ಎಂಬುದು ಸಾಮಾನ್ಯವಾಗಿ ಚರ್ಮದಡಿ ಏಳುವ, ಕ್ಯಾನ್ಸರ್ ಅಲ್ಲದ ಗಂಟು. ಗಂಟು-ಗಡ್ಡೆಗಳ ಕುರಿತ ಇಲ್ಲಿನ ಲೇಖನವು ಅದನ್ನು ‘ಪೆಟ್ಟು ಬಿದ್ದಲ್ಲಿ ಬರುವ ಊತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. 1955ರಲ್ಲಿ ಇದನ್ನು ಮೊದಲು ವಿವರಿಸಿದ ಮೇಲೆ ಬಹುಕಾಲ ಹಾಗೆಯೇ ನಂಬಿದ್ದರು, ನಿಜ. ಆದರೆ 2011ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು ಈ ಗಂಟಿನ ಕೋಶಗಳಲ್ಲಿ 22ನೆಯ ವರ್ಣತಂತುವಿನ ಎಂವೈಎಚ್9 ಜೀನ್ ಮತ್ತು 17ನೆಯದರ ಯುಎಸ್‌ಪಿ6 ಜೀನ್ ಬೆಸೆದುಕೊಂಡಿರುವುದನ್ನು ತೋರಿಸಿದರು. ಸಾಮಾನ್ಯವಾಗಿ ಸುಮ್ಮನಿರುವ ಯುಎಸ್‌ಪಿ6, ಪಕ್ಕದವನ ಸ್ವಿಚ್ಚಿಗೆ ಸಿಕ್ಕಿದ ದೀಪದಂತೆ ಉರಿಯತೊಡಗುತ್ತದೆ. ಹಾಗಾಗಿ ಇದು ಬರಿಯ ಊತವಲ್ಲ, ಗಡ್ಡೆಯೇ. ಆದರೆ ವಿಚಿತ್ರ ಗಡ್ಡೆ! ಕೆಲವೇ ವಾರಗಳಲ್ಲಿ ಭರದಿಂದ ಬೆಳೆದು, ಎಷ್ಟೋ ಸಲ ತಾನಾಗಿಯೇ ಕರಗಿಹೋಗುತ್ತದೆ.

ಲೇಖನಕ್ಕೆ ಪ್ರತಿಕ್ರಿಯಿಸಿದ ಓದುಗರೊಬ್ಬರು ‘ಜೀನಿನ ದೋಷವಾದರೆ ಮಕ್ಕಳಿಗೂ ಬರುತ್ತದೆಯೇ’ ಎಂದು ಕೇಳಿದ್ದಾರೆ. ಇಲ್ಲ, ಬರುವುದಿಲ್ಲ. ಈ ಬೆಸುಗೆ ಇರುವುದು ಗಂಟಿನ ಕೋಶಗಳಲ್ಲಿ ಮಾತ್ರ, ಹುಟ್ಟಿನಿಂದ ಬಂದದ್ದಲ್ಲ. ಲೇಖನ ಇದರ ಜೊತೆಗೇ ಹೆಸರಿಸಿರುವ ಡೆಸ್ಮಾಯ್ಡ್ (ಸುತ್ತಲಿನ ಅಂಗಾಂಶಕ್ಕೆ ನುಗ್ಗಿದರೂ ದೂರದ ಅಂಗಗಳಿಗೆ ಹರಡದ ಗಡ್ಡೆ) ಕಥೆ ಬೇರೆ. ಅದರಲ್ಲೂ ಹೆಚ್ಚಿನವು ಸಿಟಿಎನ್‌ಎನ್‌ಬಿ1 ಜೀನಿನಲ್ಲಿ ಆ ಗಡ್ಡೆಯೊಳಗೇ ಆದ ಬದಲಾವಣೆಯಿಂದ ಹುಟ್ಟುತ್ತವೆ. ಆದರೆ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ (ಒಳಪದರದ ಸಣ್ಣ ಗಂಟು) ಏಳುವ ಮನೆತನಗಳಲ್ಲಿ ಎಪಿಸಿ ಜೀನಿನ ದೋಷ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ, ಅದರ ಜೊತೆಗೆ ಡೆಸ್ಮಾಯ್ಡ್ ಅಪಾಯವೂ. ಫ್ಯಾಸೈಟಿಸ್, ಡೆಸ್ಮಾಯ್ಡ್ ಎರಡನ್ನೂ ಒಂದೇ ಪಟ್ಟಿಯಲ್ಲಿ ತುರುಕಿದ್ದು ಲೇಖಕರ ಅವಸರ ಎಂದೇ ನನಗನ್ನಿಸುತ್ತದೆ.

ಸೂಕ್ಷ್ಮದರ್ಶಕದಲ್ಲಿ ಫ್ಯಾಸೈಟಿಸ್ ಗಂಟು ಸಾರ್ಕೋಮಾದಂತೆ (ಸ್ನಾಯು, ಕೊಬ್ಬು, ಮೂಳೆಯಂಥ ಅಂಗಾಂಶಗಳ ಕ್ಯಾನ್ಸರ್) ಕಂಡು ವೈದ್ಯರನ್ನೂ ದಾರಿ ತಪ್ಪಿಸುವುದುಂಟು. ವರದಿ ಅನುಮಾನಾಸ್ಪದವಾಗಿದ್ದರೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಯುಎಸ್‌ಪಿ6ಗಾಗಿ ಫಿಶ್ ಪರೀಕ್ಷೆ (ಹೊಳೆಯುವ ಗುರುತುಗಳಿಂದ ಕೋಶದಲ್ಲಿ ಜೀನ್ ಬದಲಾವಣೆ ಹುಡುಕುವ ವಿಧಾನ) ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ.