ಶೇ. 20 ಸೇರಿಸಿದರೆ ಶೇ. 20 ಲಾಭ ಉಳಿಯುವುದಿಲ್ಲ: ಒಂದು ಸ್ಪಷ್ಟನೆ

ಕಾಮಗಾರಿಯ ವೆಚ್ಚಕ್ಕೆ ಶೇ. 20ರಷ್ಟು ಸೇರಿಸಿ ದರ ನಮೂದಿಸಿದರೆ ಗುತ್ತಿಗೆದಾರರಿಗೆ ಬಿಲ್ಲಿನ ಮೊತ್ತದಲ್ಲಿ ಶೇ. 20ರಷ್ಟು ಲಾಭ ಉಳಿಯುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು ಲೆಕ್ಕ. 100 ವೆಚ್ಚದ ಕೆಲಸಕ್ಕೆ 120 ಬಿಲ್ ಮಾಡಿದಾಗ ಉಳಿಯುವ 20, ಬಿಲ್ಲಿನ ಶೇ. 16.67 ಮಾತ್ರ, ಶೇ. 20 ಉಳಿಯಬೇಕಾದರೆ ವೆಚ್ಚಕ್ಕೆ ಶೇ. 25 ಸೇರಿಸಬೇಕು. ಅದೂ ನಿವ್ವಳ ಲಾಭವಲ್ಲ. ಕಚೇರಿಯ ಬಾಡಿಗೆ, ಸಿಬ್ಬಂದಿಯ ಸಂಬಳ, ವಿಮೆ, ಸಾಲದ ಬಡ್ಡಿಗಳನ್ನು ಕಾಮಗಾರಿಯ ವೆಚ್ಚದಲ್ಲಿ ಹಿಡಿದಿರದಿದ್ದರೆ ಅವೆಲ್ಲ ಇದರಿಂದಲೇ ಹೋಗಬೇಕು. ಸ್ಲ್ಯಾಬ್ ಹಾಕಿ ಮುಗಿದ ಮೇಲೂ ಕಾಂಕ್ರೀಟ್ ಬಲಗೊಳ್ಳುವವರೆಗೆ ಅದರಡಿ ನಿಂತೇ ಇರುವ ಸೆಂಟ್ರಿಂಗ್ ಸಾಮಾನಿನ ದಿನಬಾಡಿಗೆಯನ್ನು ಅಂದಾಜುಪಟ್ಟಿಯಲ್ಲಿ ಬರೆಯಲು ಮರೆತು, ಒಳ್ಳೆಯ ಕೆಲಸ ಮಾಡಿಯೂ ಕೈಸುಟ್ಟುಕೊಂಡವರನ್ನು ಕಂಡು ನೊಂದಿದ್ದೇನೆ. ಇನ್ನು, ಒಪ್ಪಂದದ ಪ್ರಕಾರ ದೋಷ ಸರಿಪಡಿಸುವ ಅವಧಿ ಮುಗಿಯುವವರೆಗೆ ಮಾಲೀಕರು ತಡೆಹಿಡಿಯುವ ಹಣ, ಲೆಕ್ಕದ ಪುಸ್ತಕದಲ್ಲಿ ಲಾಭವೆಂದು ಕಂಡರೂ, ಅಲ್ಲಿಯವರೆಗೆ ಕೈಗೆ ಬಂದಿರುವುದಿಲ್ಲ.