ಡಿಸ್ಕಿನ ಪಾಲುಪಾರಿಕತ್ತು

‘ಪಾರ್ಟಿಷನ್’ ಅಂದ ಕೂಡಲೇ ನಮ್ಮ ಕಡೆ ಸಿವಿಲ್ ಕೋರ್ಟು, ಬದು, ಅಣ್ಣತಮ್ಮಂದಿರ ಮುನಿಸು ನೆನಪಾಗುತ್ತವೆ. ಕಂಪ್ಯೂಟರಿನ ಪಾರ್ಟಿಷನ್, ಅಂದರೆ ಡಿಸ್ಕಿನ ಜಾಗ ಹಂಚುವುದು, ಬೇರೆ ಜಾತಿಯದು ಅಂದುಕೊಂಡವರು ವಿಂಡೋಸ್ ಇರುವ ಡಿಸ್ಕಿಗೆ ಒಮ್ಮೆ ಲಿನಕ್ಸ್ ಕಾರ್ಯವ್ಯವಸ್ಥೆಯ ಒಂದು ಬಗೆಯಾದ ಉಬುಂಟು ಹಾಕಿ ನೋಡಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತದ್ದೇ ನೆಪವಾಗಿ ಲಿನಕ್ಸನ್ನು ಮನೆಗೆ ಕರೆತಂದರೂ ಹಳೆಯದನ್ನು ಹೊರಹಾಕುವ ಧೈರ್ಯ ಬಾರದು. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಿಸಿದ ಕಡತಗಳೆಲ್ಲ ಅದರ ಸುಪರ್ದಿಯಲ್ಲಿವೆ. ಆ ಫಾಂಟಿಲ್ಲದ ಕಡೆ ತೆರೆದರೆ ‘ಕನ್ನಡ’ ಎಂಬ ಮೂರಕ್ಷರದ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಬಂದು ಕೂರುತ್ತದೆ.

ಸರಿ, ಇಬ್ಬರೂ ಇರಲಿ. ಅಳತೆಗೆ ಇಳಿಯುವ ಮೊದಲು ಡಿಸ್ಕಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿ. ಆಗಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದನ್ನು ಅದೇ ಡೆಸ್ಕ್‌ಟಾಪಿನಲ್ಲಿ ಉಳಿಸುವುದು ಬೀಗದಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್, ‘ಶ್ರಿಂಕ್ ವಾಲ್ಯೂಮ್’. 300 ಜಿಬಿ ಖಾಲಿ ಬಿದ್ದಿದ್ದರೂ ವಿಂಡೋಸ್ 12 ಜಿಬಿ ಮಾತ್ರ ಬಿಟ್ಟುಕೊಡುತ್ತೇನೆ ಎನ್ನಬಹುದು. ಜಿಪುಣತನವಲ್ಲ, ಪೇಜ್ ಫೈಲು, ಹೈಬರ್ನೇಷನ್ ಫೈಲು, ರಿಸ್ಟೋರ್ ಪಾಯಿಂಟುಗಳು ನಡುಹೊಲದ ಸಮಾಧಿಗಳಂತೆ ಕೂತಿರುತ್ತವೆ, ಅವನ್ನು ಸರಿಸುವಂತಿಲ್ಲ. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಅಳೆದರೆ ಜಾಗ ಸಿಗುತ್ತದೆ. ಉಬುಂಟುವಿಗೆ 25 ಜಿಬಿ ಸಾಕೆನ್ನುತ್ತಾರೆ. 60 ಕೊಟ್ಟರೆ ನೆಮ್ಮದಿ. ಇನ್‌ಸ್ಟಾಲರಿನಲ್ಲಿ ‘ಎರೇಸ್ ಡಿಸ್ಕ್’ ಒತ್ತಿದವರ ಕೇಸು ಮಾತ್ರ ಅಲ್ಲಿಗೇ ವಜಾ.

ಭೂಮಿ ಹಂಚುವುದು ಸುಲಭ. ರಗಳೆ ಇರುವುದು ಹಂಚಲಾಗದ ವಸ್ತುಗಳಲ್ಲಿ. ಮದರ್‌ಬೋರ್ಡಿನ ಗಡಿಯಾರದ ಹೆಸರೇ ಆರ್‌ಟಿಸಿ. ಪಹಣಿಯಲ್ಲ, ರಿಯಲ್ ಟೈಮ್ ಕ್ಲಾಕ್. ಆದರೆ ತಕರಾರು ಪಹಣಿಯದೇ. ಲಿನಕ್ಸ್ ಅದರಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಬರೆದಿಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದುತ್ತದೆ. ನಮ್ಮ ವ್ಯತ್ಯಾಸ ಐದೂವರೆ ಗಂಟೆ. ಬೆಳಿಗ್ಗೆ 10ಕ್ಕೆ ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಅಲ್ಲಿ ಗಂಟೆ 4:30, ಬ್ರಾಹ್ಮೀ ಮುಹೂರ್ತ! ಮದ್ದು ಎರಡಿವೆ. ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಹೊಡೆಯುವುದು, ಇಲ್ಲವೇ ವಿಂಡೋಸ್ ರಿಜಿಸ್ಟ್ರಿಯ ‘ಟೈಮ್‌ಝೋನ್‌ಇನ್ಫರ್ಮೇಷನ್’ ಅಡಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಡಿವರ್ಡ್ (ಅಂಕಿಯ ನಮೂದು) ಸೃಷ್ಟಿಸಿ 1 ಕೊಡುವುದು. ಎರಡನೆಯದೇ ವಾಸಿ. ಭದ್ರವಾಗಿರಲೆಂದು ಎರಡನ್ನೂ ಮಾಡಿದರೆ ಇಬ್ಬರೂ ಒಟ್ಟಿಗೆ ಮನಸ್ಸು ಬದಲಿಸುತ್ತಾರೆ. ಬೆಳಿಗ್ಗೆ 10ಕ್ಕೆ ವಿಂಡೋಸಿನಲ್ಲಿ ಮಧ್ಯಾಹ್ನ 3:30 ಆಗಿ, ತಿಂಡಿ ತಿಂದ ಕೈ ತೊಳೆಯುವಷ್ಟರಲ್ಲಿ ಸಂಜೆ ಕಾಫಿಯ ಹೊತ್ತು.

ವಿಂಡೋಸಿನ ‘ಶಟ್ ಡೌನ್’ ಇನ್ನೊಂದು ನಾಟಕ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದು ಮನೆ ಬಿಟ್ಟು ಹೋಗುವುದಿಲ್ಲ. ಒಳಗಿಂದ ಚಿಲಕ ಹಾಕಿ ಮಲಗುತ್ತದೆ. ಲಿನಕ್ಸಿಗೆ ಆ ಡ್ರೈವಿನ ಕಡತಗಳು ಕಾಣುತ್ತವೆ, ಆದರೆ ಬರೆಯಲು ಹೋದರೆ ‘ರೀಡ್ ಓನ್ಲಿ’. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂದರೆ ಹೈಬರ್ನೇಷನ್ ಸಮೇತ ಚಿಲಕವೇ ಹೋಗುತ್ತದೆ. ಅವಸರವಿದ್ದರೆ ಶಿಫ್ಟ್ ಕೀ ಹಿಡಿದು ಶಟ್ ಡೌನ್ ಮಾಡಿ, ಅಥವಾ ರೀಸ್ಟಾರ್ಟ್ ಒತ್ತಿ. ವಿಂಡೋಸಿನಲ್ಲಿ ಪೂರ್ತಿ ಮುಚ್ಚುವುದು ‘ಮತ್ತೆ ತೆರೆ’ ಎಂದಾಗಲೇ.

ಬ್ಲೂಟೂತ್ ಹೆಡ್‌ಫೋನಿನ ಕಥೆ ಚಿಕ್ಕದು: ಅದಕ್ಕೆ ವಿಂಡೋಸ್, ಲಿನಕ್ಸ್ ಎರಡೂ ಒಂದೇ ವಿಳಾಸ, ಆದರೆ ಜೋಡಣೆಯ ಗುಟ್ಟಿನ ಕೀ ಬೇರೆ ಬೇರೆ. ಇತ್ತ ಜೋಡಿಸಿದರೆ ಅತ್ತ ಮುನಿಸು.

ಕಂಪ್ಯೂಟರ್ ಆನ್ ಆದಾಗ ಯಾವುದನ್ನು ತೆರೆಯಲಿ ಎಂದು ಕೇಳುತ್ತ ಬಾಗಿಲಲ್ಲಿ ನಿಲ್ಲುವ ಗ್ರಬ್ ಸಾಮಾನ್ಯವಾಗಿ 10 ಸೆಕೆಂಡು ಕಾಯುತ್ತದೆ. ನೀರು ಕುಡಿದು ಬರುವಷ್ಟರಲ್ಲಿ ನಿಮಗೆ ಬೇಡವಾದದ್ದೇ ತೆರೆದಿರುತ್ತದೆ. ಅದರ ಸೆಟ್ಟಿಂಗ್ ಕಡತದಲ್ಲಿ ‘ಗ್ರಬ್_ಡಿಫಾಲ್ಟ್’ಗೆ ‘ಸೇವ್ಡ್’, ‘ಗ್ರಬ್_ಸೇವ್‌ಡಿಫಾಲ್ಟ್’ಗೆ ‘ಟ್ರೂ’ ಎಂದು ಕೊಟ್ಟು ‘ಅಪ್‌ಡೇಟ್-ಗ್ರಬ್’ ಮಾಡಿದರೆ ಕಳೆದ ಸಲದ ಆಯ್ಕೆ ನೆನಪಿಡುತ್ತದೆ. 2024ರ ಆಗಸ್ಟಿನಲ್ಲಂತೂ ವಿಂಡೋಸಿನ ಒಂದು ಭದ್ರತಾ ಅಪ್‌ಡೇಟ್ ಯಾರನ್ನು ಒಳಬಿಡಬೇಕೆಂಬ ಸೆಕ್ಯೂರ್ ಬೂಟ್ ಪಟ್ಟಿ ತಿದ್ದಿ, ಎಷ್ಟೋ ಮನೆಗಳ ಲಿನಕ್ಸನ್ನು ಹೊಸ್ತಿಲಲ್ಲೇ ತಡೆಯಿತು. ಪರದೆಯ ಮೇಲೆ ಬಂದ ಸಾಲಿನ ಸಾರಾಂಶ: ‘ಏನೋ ಭಾರೀ ಎಡವಟ್ಟಾಗಿದೆ’. ಆದರೆ ಅದು ಎಡವಟ್ಟು ಮಾಡಿದವರ ಬಾಯಿಂದ ಬಂದದ್ದಲ್ಲ.

ಸಾಕಾಗಿ ಯಾರಾದರೂ ವಿಂಡೋಸಿನೊಳಗಿಂದಲೇ ಲಿನಕ್ಸಿನ ಪಾಲನ್ನು ಅಳಿಸುತ್ತಾರೆ. ಮರುದಿನ ಕಪ್ಪು ಪರದೆ, ಅದರಲ್ಲಿ ‘ಗ್ರಬ್’ ಎಂಬ ಸಾಲು. ಗಾಬರಿ ಬೇಡ: ಎಫ್12 (ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್9) ಒತ್ತಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಮನೆ ತೆರೆಯುತ್ತದೆ. ಅದೇ ಪಟ್ಟಿಯಲ್ಲಿ ‘ಉಬುಂಟು’ ಇನ್ನೂ ನಿಂತಿರುತ್ತದೆ. ಬೂಟ್ ಕಡತಗಳಿರುವ ಇಎಫ್‌ಐ ವಿಭಾಗದ ಅದರ ಫೋಲ್ಡರನ್ನು ಯಾರೂ ಮುಟ್ಟಿಲ್ಲವಲ್ಲ. ಹೊಲ ಮಾರಿ ಊರು ಬಿಟ್ಟವನ ಹೆಸರು ಪಹಣಿಯಲ್ಲಿ ಹಾಗೇ ಉಳಿದಿದೆ. ಖಾತೆ ಬದಲಾವಣೆಗೆ ಇನ್ನೊಂದು ಭಾನುವಾರ ಬೇಕು.