ಸ್ಪಷ್ಟನೆ: ‘ಹಿಟ್ ಮ್ಯಾನ್’ ಸುಪಾರಿ ಹಂತಕನ ನಿಜಕಥೆಯಲ್ಲ

ರಿಚರ್ಡ್ ಲಿಂಕ್ಲೇಟರ್ ನಿರ್ದೇಶನದ ‘ಹಿಟ್ ಮ್ಯಾನ್’ (2023) ಚಿತ್ರ ‘ಹತ್ತಾರು ಕೊಲೆ ಮಾಡಿದ ಸುಪಾರಿ ಹಂತಕನ ನಿಜಕಥೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಚಿತ್ರಕ್ಕೆ ಸ್ಫೂರ್ತಿಯಾದ ಗ್ಯಾರಿ ಜಾನ್ಸನ್ ಸುಪಾರಿ ಪಡೆದು ಯಾರನ್ನೂ ಕೊಂದವರಲ್ಲ. ಅವರು ಅಮೆರಿಕದ ಹ್ಯೂಸ್ಟನ್‌ನಲ್ಲಿ ಸರ್ಕಾರಿ ಅಭಿಯೋಜಕರ ಕಚೇರಿಯ ತನಿಖಾಧಿಕಾರಿಯಾಗಿದ್ದರು. ಹಂತಕನ ಸೋಗು ಹಾಕಿ, ಸುಪಾರಿ ಕೊಡಲು ಬಂದವರನ್ನು ಹಿಡಿಸುವುದು ಅವರ ಕೆಲಸವಾಗಿತ್ತು. ಅವರ ಬಗ್ಗೆ 2001ರಲ್ಲಿ ‘ಟೆಕ್ಸಸ್ ಮಂತ್ಲಿ’ ಪತ್ರಿಕೆಯಲ್ಲಿ ಬಂದ ಲೇಖನವೇ ಚಿತ್ರದ ಮೂಲ.

ಈ ಕೆಲಸದ ಸೂಕ್ಷ್ಮ ಇರುವುದು ಮಾತಿನಲ್ಲಿ. ‘ಅವನು ಸತ್ತರೆ ಸಾಕು’ ಎಂದು ಯಾರೋ ಗೊಣಗಿದರೆ ಕೇಸು ನಿಲ್ಲುವುದಿಲ್ಲ. ಯಾರನ್ನು ಕೊಲ್ಲಬೇಕು, ಎಷ್ಟು ದುಡ್ಡು ಎಂಬುದು ಬಂದವರ ಬಾಯಿಂದಲೇ ಬರಬೇಕು, ಬಚ್ಚಿಟ್ಟ ಮೈಕಿನಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು. ಅಧಿಕಾರಿಯೇ ಪುಸಲಾಯಿಸಿದಂತೆ ಕೇಳಿಸಿತೋ, ‘ನಮ್ಮ ಕಕ್ಷಿದಾರರನ್ನು ಪೊಲೀಸರೇ ಅಪರಾಧಕ್ಕೆ ನೂಕಿದರು’ ಎಂದು ವಕೀಲರು ಹಿಡಿದುಕೊಳ್ಳುತ್ತಾರೆ. ಚಿತ್ರದ ಕೋರ್ಟ್ ದೃಶ್ಯಗಳಲ್ಲಿ ನಡೆಯುವ ವಾದವೂ ಇದೇ.

ಹಾಗೆಂದು ಚಿತ್ರದಲ್ಲಿರುವುದೆಲ್ಲವೂ ಕಟ್ಟುಕಥೆಯಲ್ಲ. ಜಾನ್ಸನ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದದ್ದು ನಿಜ, ಇಡ್ ಮತ್ತು ಈಗೋ ಎಂಬ ಮನಶ್ಶಾಸ್ತ್ರದ ಪದಗಳನ್ನೇ ಹೆಸರಾಗಿ ಇಟ್ಟಿದ್ದ ಅವರ ಬೆಕ್ಕುಗಳೂ ನಿಜ. ಸಂಗಾತಿಯ ಹಿಂಸೆ ತಾಳದೆ ಸುಪಾರಿ ಕೊಡಲು ಹೊರಟಿದ್ದ ಮಹಿಳೆಯೊಬ್ಬರನ್ನು ಜೈಲಿಗೆ ಕಳಿಸದೆ ನೆರವಿನ ದಾರಿ ತೋರಿಸಿದ್ದೂ ನಿಜವೇ. ನಮ್ಮ ಮಟ್ಟಿಗೆ ಅವರ ಬದುಕಿನ ಅತ್ಯಂತ ಮುಖ್ಯ ಘಟನೆ ಇದು. ಚಿತ್ರದಲ್ಲಿ ಅಲ್ಲಿಂದ ಮುಂದಿನ ಪ್ರೇಮ, ಕೊಲೆ, ನ್ಯೂ ಆರ್ಲಿಯನ್ಸ್ ಹಿನ್ನೆಲೆ ಎಲ್ಲವೂ ಲಿಂಕ್ಲೇಟರ್ ಮತ್ತು ನಟ ಗ್ಲೆನ್ ಪೊವೆಲ್ ಬರೆದದ್ದು. ಕೊಲೆಯ ಭಾಗ ಕಲ್ಪಿತವೆಂದು ಚಿತ್ರದ ಕೊನೆಯಲ್ಲೇ ಅಕ್ಷರಗಳಲ್ಲಿ ಬರೆದಿದ್ದಾರೆ.